ಶಿವದಾರ ಮತ್ತು ಲಿಂಗವಸ್ತ್ರ: ಶಿಕಾರಿಪುರ–ಸೊರಬ ಪರಿಸರದ ಒಂದು ಅಲಕ್ಷಿತ ಆಕರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕರ್ನಾಟಕದ ಶೈವ ಚರಿತ್ರೆಗೆ ಹೇರಳವಾದ ಶಿಲಾಧಾರಗಳನ್ನು ಒದಗಿಸಿವೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಇಲ್ಲಿಯ ನೂರಾರು ಶಾಸನಗಳು ಅಚ್ಚಾಗಿವೆ. ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ ಮೊದಲಾದ ದೇವಾಲಯಗಳ ಇತಿಹಾಸವನ್ನು ಇಂತಹ ಬರಹಗಳ ಬಲದಿಂದಲೇ ಕಟ್ಟಲಾಗಿದೆ. ಆದರೆ ಇದೇ ಪರಿಸರದ ಜನರು ಶತಮಾನಗಳಿಂದ ಮೈಮೇಲೆ ಧರಿಸುತ್ತ ಬಂದ ಇನ್ನೊಂದು ಶಿಲೆಯಿದೆ. ಅಂಗೈಯಲ್ಲಿ ಅಡಗುವ ಆ ಇಷ್ಟಲಿಂಗದ ತತ್ತ್ವವನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಅದನ್ನು ಸುತ್ತಿ ಕಟ್ಟುವ ಬಟ್ಟೆ ಮತ್ತು ದಾರಗಳೂ ಚರಿತ್ರೆಯ ಆಕರಗಳೇ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಿಂಗವನ್ನು ದೇಹದ ಮೇಲೆ ಹೊರುವ ಪದ್ಧತಿಯ ಉಲ್ಲೇಖ ಪ್ರಾಚೀನವಾದುದು. ಭಾರಶಿವರು ಶಿವಲಿಂಗವನ್ನು ಹೆಗಲ ಮೇಲೆ ಹೊರುತ್ತಿದ್ದರೆಂದು ವಾಕಾಟಕರ ತಾಮ್ರಶಾಸನಗಳು ಹೇಳುತ್ತವೆ. ಹನ್ನೆರಡನೆಯ ಶತಮಾನದ ಶರಣ ಚಳವಳಿಯಲ್ಲಿ ಇಷ್ಟಲಿಂಗವು ಜಾತಿ, ಲಿಂಗ, ವೃತ್ತಿಗಳ ಭೇದವಿಲ್ಲದೆ ಎಲ್ಲರ ಕೈಗೂ ಬಂದಿತು. ಈ ಚಳವಳಿಯ ಇಬ್ಬರು ಪ್ರಮುಖರಾದ ಬಳ್ಳಿಗಾವಿಯ ಅಲ್ಲಮಪ್ರಭು ಮತ್ತು ಉಡುತಡಿಯ ಅಕ್ಕಮಹಾದೇವಿ ಶಿಕಾರಿಪುರ ತಾಲ್ಲೂಕಿನ ನೆಲಕ್ಕೆ ಸೇರಿದವರು. ಹರಿಹರನ ಪ್ರಭುದೇವರ ರಗಳೆಯಲ್ಲಿ, ಅಲ್ಲಮನು ನೆಲದಲ್ಲಿ ಹುದುಗಿದ್ದ ದೇಗುಲವೊಂದನ್ನು ಅಗೆಸಿ ಒಳಹೊಕ್ಕು ಅಲ್ಲಿ ಧ್ಯಾನಸ್ಥನಾಗಿದ್ದ ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆಯುತ್ತಾನೆ. ಇದು ಕಾವ್ಯದ ಕಥನವೇ ಹೊರತು ಶಾಸನದ ಸಾಕ್ಷ್ಯವಲ್ಲ. ಆದರೂ ದೇವಾಲಯಗಳಿಂದ ತುಂಬಿದ್ದ ಊರಿನವನಾದ ಅಲ್ಲಮನು ಕೈಯಿಂದ ಕೈಗೆ ಸಾಗುವ ಲಿಂಗವನ್ನು ಪಡೆದನೆಂದು ಕವಿ ಚಿತ್ರಿಸಿರುವುದು ಗಮನಾರ್ಹವಾಗಿದೆ. ಮುಂದೆ ಈ ಪ್ರದೇಶವನ್ನಾಳಿದ ಕೆಳದಿಯ ಅರಸರೂ ವೀರಶೈವರಾಗಿದ್ದರು. ಅವರ ಆಳ್ವಿಕೆ 1763ರಲ್ಲಿ ಕೊನೆಗೊಂಡಿತು.

ಇಷ್ಟಲಿಂಗದ ಒಡಲು ಚಿಕ್ಕ ಕಲ್ಲು. ಅದರ ಮೇಲೆ ಬೂದಿ, ಎಣ್ಣೆ ಮೊದಲಾದವುಗಳನ್ನು ಅರೆದು ಸಿದ್ಧಪಡಿಸಿದ ಗಟ್ಟಿಯಾದ ಕಪ್ಪು ಲೇಪವಿರುತ್ತದೆ. ಲಿಂಗವನ್ನು ಗುರುವಿನಿಂದ ಪಡೆಯಬೇಕು. ಕಟ್ಟುವ ಸಾಮಗ್ರಿ ಮಾತ್ರ ಮನೆಯಲ್ಲಿಯೇ ಸಿದ್ಧವಾಗಬಲ್ಲದು. ಚೌಕಾಕಾರದ ಬಟ್ಟೆಯ ನಡುವೆ ಲಿಂಗವನ್ನಿರಿಸಿ, ಅಂಚುಗಳನ್ನು ಒಳಕ್ಕೆ ಮಡಿಚಿ, ತುದಿಗಳನ್ನು ಗಂಟುಹಾಕಿ ಕೊರಳಿಗೆ ಕಟ್ಟಿದರೆ ಅದು ಲಿಂಗವಸ್ತ್ರ. ಹತ್ತಿಯ ನೂಲಿನ ಹಲವು ಎಳೆಗಳನ್ನು ಕೂಡಿಸಿ ಹುರಿಹೊಸೆದರೆ ಶಿವದಾರ. ಅನುಕೂಲವಿದ್ದವರು ಅಕ್ಕಸಾಲಿಗರಿಂದ ಬೆಳ್ಳಿಯ ಕರಡಿಗೆ, ಚೌಕ ಅಥವಾ ಗುಂಡುಗಡಿಗೆಯನ್ನು ಮಾಡಿಸಿ, ಅದರ ಬಳೆಗಳಲ್ಲಿ ಶಿವದಾರವನ್ನು ಪೋಣಿಸಿ ಧರಿಸುವರು. ಮೈಸೂರು ಸೀಮೆಯಲ್ಲಿದ್ದು 1823ರಲ್ಲಿ ಭಾರತವನ್ನು ಬಿಟ್ಟ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್, ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳುವುದನ್ನೂ ಬೆಳ್ಳಿಯ ಪೆಟ್ಟಿಗೆಯಲ್ಲಿರಿಸಿ ಕೊರಳಿಗೆ ಹಾಕಿಕೊಳ್ಳುವುದನ್ನೂ ದಾಖಲಿಸಿದ್ದಾನೆ.

ಈ ಕಟ್ಟಿಗೂ ಆಭರಣದ ಕಟ್ಟಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಪದಕದ ಹರಳನ್ನು ಚಿನ್ನ ಬೆಳ್ಳಿಗಳ ತಂತಿಯಿಂದ ಬಿಗಿಯುವುದು ಅದು ಎಂದೂ ಕಳಚಬಾರದೆಂದು. ಇಷ್ಟಲಿಂಗವಾದರೋ ಪ್ರತಿದಿನ ಪೂಜೆಯ ವೇಳೆಗೆ ಹೊರಬಂದು ಎಡ ಅಂಗೈಯನ್ನು ಸೇರಬೇಕು. ಪೂಜೆ ಮುಗಿದೊಡನೆ ಮತ್ತೆ ಮೈಮೇಲೆ ನೆಲೆಗೊಳ್ಳಬೇಕು. ಆದುದರಿಂದ ಬಟ್ಟೆಯ ಗಂಟೂ ಕರಡಿಗೆಯ ಮುಚ್ಚಳವೂ ಬಿಗಿಯಾಗಿದ್ದು ಸುಲಭವಾಗಿ ಬಿಚ್ಚುವಂತಿರುತ್ತವೆ. ವಚನಗಳಲ್ಲಿ ಬರುವ ಉರಸೆಜ್ಜೆ, ಮುಖಸೆಜ್ಜೆ ಎಂಬ ಪದಗಳಲ್ಲಿಯ ‘ಸೆಜ್ಜೆ’ಯು ‘ಶಯ್ಯೆ’ಯ ತದ್ಭವ. ಲಿಂಗವು ವಿರಮಿಸುವ ತಾಣವೆಂಬ ಈ ಭಾವನೆಗೆ ವಸ್ತುವಿನ ರಚನೆಯೂ ಹೊಂದಿಕೊಂಡಿದೆ. ಕಟ್ಟು ಕಳಚಿದಾಗಿನ ಪ್ರಶ್ನೆಯನ್ನೂ ಶರಣ ಸಾಹಿತ್ಯವು ಎತ್ತಿದೆ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ, ಹುಲ್ಲು ಕೊಯ್ಯುವಾಗ ನೀರಿಗೆ ಜಾರಿದ ಲಿಂಗವನ್ನು ಎತ್ತಿಕೊಳ್ಳದೆ ನುಲಿಯ ಚಂದಯ್ಯನು ಕಾಯಕಕ್ಕೆ ಮರಳುತ್ತಾನೆ. ಹಗ್ಗ ಹೊಸೆಯುವ ಶರಣನಿಗೇ ಈ ಪ್ರಸಂಗವು ಒದಗಿರುವುದು ಸಾರ್ಥಕವಾಗಿದೆ.

ಹೀಗಿದ್ದೂ ಈ ಸಾಮಗ್ರಿಯು ಇತಿಹಾಸಕಾರರ ಗಮನಕ್ಕೆ ಬಾರದಿರಲು ಸ್ಪಷ್ಟವಾದ ಕಾರಣಗಳಿವೆ. ಧರಿಸಿದವರು ಲಿಂಗೈಕ್ಯರಾದಾಗ ಇಷ್ಟಲಿಂಗವನ್ನು ಅವರ ಕೈಯಲ್ಲಿರಿಸಿ ದೇಹದೊಡನೆ ಸಮಾಧಿ ಮಾಡಲಾಗುತ್ತದೆ. ನೂಲೂ ಬಟ್ಟೆಯೂ ಸವೆದು ಹೋಗುತ್ತವೆ. ಸವೆದುದನ್ನು ಬದಲಿಸುವುದೇ ವಾಡಿಕೆ. ಉಳಿಯುವುದು ಬೆಳ್ಳಿ ಮಾತ್ರ. ಪರಿಣಾಮವಾಗಿ ವಸ್ತುಸಂಗ್ರಹಾಲಯದ ಕರಡಿಗೆಗಳನ್ನಷ್ಟೇ ನಂಬಿ ಬರೆದ ಚರಿತ್ರೆಯು ಉಳ್ಳವರ ಚರಿತ್ರೆಯಾಗುತ್ತದೆ. ಬಟ್ಟೆಯಲ್ಲಿ ಲಿಂಗವನ್ನು ಕಟ್ಟಿಕೊಂಡು ಗದ್ದೆಯಲ್ಲಿ ದುಡಿದವರು ಅದರಲ್ಲಿ ಕಾಣುವುದಿಲ್ಲ. ಎಲ್ಲರಿಗೂ ಸಮನಾಗಿ ದೊರೆತ ಲಿಂಗದ ಚರಿತ್ರೆಗೆ ಇದು ನ್ಯಾಯವಲ್ಲ.

ಇಂದು ಜಾತ್ರೆಗಳಲ್ಲಿಯೂ ಅಂಗಡಿಗಳಲ್ಲಿಯೂ ಸಿದ್ಧ ಶಿವದಾರ ದೊರೆಯುತ್ತಿರುವುದರಿಂದ ಮನೆಯಲ್ಲಿ ಹೊಸೆಯುವ ಅಗತ್ಯವು ಕುಗ್ಗಿದೆ. ಎಳೆಗಳ ಎಣಿಕೆ, ಹುರಿಯ ದಿಕ್ಕು, ಬಟ್ಟೆಯ ಅಳತೆ ಮತ್ತು ಮಡಿಕೆ, ಗಂಟಿನ ಬಗೆ, ಇವುಗಳಿಗೆ ಮನೆಮಂದಿ ಬಳಸುವ ಮಾತುಗಳನ್ನು ಈ ಎರಡು ತಾಲ್ಲೂಕುಗಳ ಹಿರಿಯರಿಂದ ಕೇಳಿ ದಾಖಲಿಸುವ ಕಾರ್ಯವು ಶಾಸನಗಳ ಪ್ರತಿ ತೆಗೆಯುವಷ್ಟೇ ತುರ್ತಿನದು. ಬಳ್ಳಿಗಾವಿಯ ಕಲ್ಬರಹಗಳು ಇನ್ನೂ ಹಲವು ಕಾಲ ನಿಲ್ಲಬಲ್ಲವು. ದಾರದ ಅರಿವು ಹೊಸೆಯುವ ಕೈಗಳು ಇರುವವರೆಗೆ ಮಾತ್ರ.