ಮಂಚದ ಕೆಳಗೊಂದು ಸ್ಟೌ

ಲಿಜ್ಜತ್ ಪಾಪಡ್ ಅಂದ ತಕ್ಷಣ ನಮ್ಮ ತಲೆಮಾರಿಗೆ ನೆನಪಾಗೋದು ದೂರದರ್ಶನದ ಜಾಹೀರಾತಿನ ಆ ಮೊಲ. ಅದಾದ ಮೇಲೆ 80 ರೂಪಾಯಿ. ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಕೆಲಸ ಸಾವಿರ ಕೋಟಿ ದಾಟಿದ ವಹಿವಾಟಾಗಿ ಬೆಳೀತು ಅಂತ ಪ್ರತಿ ಮಹಿಳಾ ದಿನಾಚರಣೆಗೂ ಟೀವಿಯಲ್ಲಿ ಓಡುತ್ತೆ. ಸುಳ್ಳೇನಲ್ಲ. ಆದರೆ 80 ರೂಪಾಯಿ ಸಾಲ ಮಾಡಿದವರು ಆ ಕಾಲದ ಮುಂಬೈಯಲ್ಲಿ ಬೇಕಾದಷ್ಟು ಜನ ಇದ್ದರು. ಇವರು ಮಾತ್ರ ಯಾಕೆ ಉಳಿದರು? ಕೇಳಬೇಕಾದ ಪ್ರಶ್ನೆ ಅದು.

1959ರ ಮಾರ್ಚ್ 15. ಗಿರ್ಗಾಂವ್‌ನ ಲೋಹಾನಾ ನಿವಾಸ ಅನ್ನೋ ಕಟ್ಟಡದ ತಾರಸಿ. ಜಸ್ವಂತಿಬೆನ್ ಪೋಪಟ್ ಮತ್ತು ಜೊತೆಗಾರ್ತಿಯರು ಆರು ಮಂದಿ, ಎಲ್ಲರೂ ಗುಜರಾತಿ ಗೃಹಿಣಿಯರು. ಕೈಯಲ್ಲಿದ್ದ ವಿದ್ಯೆ ಒಂದೇ, ಅಡುಗೆ. ಸಾಲ ಕೊಟ್ಟವರು ಸಮಾಜ ಸೇವಕ ಛಗನ್‌ಲಾಲ್ ಕರಮ್ಸಿ ಪಾರೇಖ್. ಆ ದುಡ್ಡಲ್ಲಿ ಇವರು ನಷ್ಟದಲ್ಲಿದ್ದ ಒಂದು ಹಪ್ಪಳದ ವ್ಯಾಪಾರವನ್ನೇ ಕೊಂಡುಕೊಂಡರು. ಮೊದಲ ದಿನ ಆಗಿದ್ದು ನಾಲ್ಕೇ ನಾಲ್ಕು ಪ್ಯಾಕೆಟ್. ಭುಲೇಶ್ವರದ ಪರಿಚಯದ ವ್ಯಾಪಾರಿಯೊಬ್ಬರ ಅಂಗಡಿಗೆ ಹೋಯಿತು.

ಮಳೆಗಾಲ ಬಂತು. ಮುಂಬೈ ಮಳೆ ಗೊತ್ತಲ್ಲ? ಹಪ್ಪಳ ಒಣಗೋದೆಲ್ಲಿ! ನಾಲ್ಕು ತಿಂಗಳು ಕೆಲಸ ಬಂದ್. ನಮ್ಮಲ್ಲಾದರೆ ಹಪ್ಪಳ ಅಂದ್ರೆ ಬೇಸಿಗೆ ಕೆಲಸ. ಮಾಳಿಗೆ ಮೇಲೆ ಹಳೇ ಸೀರೆ ಹಾಸಿ, ಕಾಗೆ ಓಡಿಸೋಕೆ ಮಕ್ಕಳನ್ನ ಕೂರಿಸಿ, ಮಳೆ ಶುರುವಾಗೋ ಮುಂಚೆ ಡಬ್ಬಿ ತುಂಬಿದರೆ ಮುಗೀತು. ದುಡಿಮೆ ಅಂತ ನಂಬಿಕೊಂಡವರಿಗೆ ಅದು ಸಾಲಲ್ಲ. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿಯೋ ಸ್ಟೌ. ಇದಕ್ಕೆ ಯಾವ ಎಂಜಿನಿಯರ್ ಬೇಕು ಹೇಳಿ!

ಮೊದಲ ವರ್ಷದ ಮಾರಾಟ 6,196 ರೂಪಾಯಿ. ಒಡೆದ ಹಪ್ಪಳ ಅಕ್ಕಪಕ್ಕದವರಿಗೆ ಹಂಚಿಬಿಟ್ಟರು. ಶುರುವಿನಲ್ಲೇ ಒಂದು ತೀರ್ಮಾನ ಮಾಡಿದ್ದರು: ನಷ್ಟ ಆದರೂ ಸರಿ, ಯಾರ ಹತ್ತಿರವೂ ದಾನ ಕೇಳೋದಿಲ್ಲ. ಕಡಿಮೆ ಬೆಲೆಗೆ ಎರಡನೇ ದರ್ಜೆ ಹಪ್ಪಳವನ್ನೂ ಮಾಡೋ ಯೋಚನೆ ಬಂದಾಗ ಛಗನ್‌ಲಾಲ್ ಬೇಡ ಅಂದರು. ಗುಣಮಟ್ಟ ಒಂದೇ ಇರಲಿ, ಲೆಕ್ಕ ಸರಿಯಾಗಿರಲಿ, ಇದನ್ನ ವ್ಯಾಪಾರದ ಹಾಗೇ ನಡೆಸಿ ಅಂದರು. ಹೆಂಗಸರು ಕೇಳಿದರು. ಗುಜರಾತಿಯಲ್ಲಿ ರುಚಿ ಅನ್ನೋ ಅರ್ಥದ ‘ಲಿಜ್ಜತ್’ ಹೆಸರು ಬಂದಿದ್ದು 1962ರಲ್ಲಿ. 1961ರಲ್ಲಿ ಮಲಾಡ್‌ನಲ್ಲಿ ಶಾಖೆ ತೆರೆಯೋಕೆ ಹೋಗಿ ಕೈ ಸುಟ್ಟುಕೊಂಡಿದ್ದೂ ಉಂಟು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾರ್ಖಾನೆ ಅಂದ್ರೆ ಏನು? ಸೈರನ್ ಹೊಡೆಯುತ್ತೆ, ನೀವು ಗೇಟ್ ಒಳಗಿರಬೇಕು. ಮಗುವಿಗೆ ಜ್ವರ, ಅತ್ತೆಗೆ ಊಟ, ನೀರು ಬರೋ ಟೈಮು, ಇದ್ಯಾವುದನ್ನೂ ಕಾರ್ಖಾನೆ ಕೇಳಲ್ಲ. ಮುಂಬೈಯ ಬಟ್ಟೆ ಗಿರಣಿಗಳು ನಡೆದಿದ್ದೇ ಹಾಗೆ. ಲಿಜ್ಜತ್ ಅದನ್ನ ತಿರುಗಿಸಿ ಹಾಕಿತು. ಬೆಳಗಿನ ಜಾವ ಶಾಖೆಯಲ್ಲಿ ಹಿಟ್ಟು ನಾದುತ್ತಾರೆ. ಸದಸ್ಯೆಯರು ಬಂದು ನಿನ್ನೆಯ ಹಪ್ಪಳ ಕೊಟ್ಟು, ಇವತ್ತಿನ ಹಿಟ್ಟು ತಗೊಂಡು ಹೋಗ್ತಾರೆ. ಮನೆಗೆಲಸದ ನಡುವೆ, ಬಿಡುವಾದಾಗ ಲಟ್ಟಿಸೋದು. ಮನೇಲಿ ಜಾಗ ಇಲ್ಲವಾ? ಶಾಖೆಯಲ್ಲೇ ಹಿಟ್ಟು ನಾದಿ, ಇಲ್ಲಾ ಪ್ಯಾಕಿಂಗ್ ಮಾಡಿ.

ಇನ್ನೊಂದು ನಿಯಮ ಇದಕ್ಕಿಂತ ಗಟ್ಟಿ. ಹಪ್ಪಳ ಲಟ್ಟಿಸೋಳು ನೌಕರಳಲ್ಲ, ಒಡತಿ. ಒಬ್ಬರನ್ನೊಬ್ಬರು ಕರೆಯೋದು ‘ಬೆನ್’, ಅಂದ್ರೆ ಅಕ್ಕ-ತಂಗಿ ಅಂತ. ಲಾಭ ಬಂದರೂ ನಷ್ಟ ಬಂದರೂ ಎಲ್ಲರ ಪಾಲು. ಗಂಡಸರು ಲೆಕ್ಕ ಬರೆಯಬಹುದು, ಗಾಡಿ ಓಡಿಸಬಹುದು, ಸದಸ್ಯರಾಗೋ ಹಾಗಿಲ್ಲ. 1966ರಲ್ಲಿ ನೋಂದಣಿ ಮಾಡಿಸಿದಾಗಲೂ ಕಂಪನಿ ಮಾಡಲಿಲ್ಲ, ಸೊಸೈಟಿ ಮಾಡಿದರು. ಅದೇ ವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆ ಸಿಕ್ಕಿತು. ಹೀಗಾಗಿ ಹೊರಗಿನ ಬಂಡವಾಳಗಾರ ಬಂದು ಷೇರು ಕೊಂಡು ಇದನ್ನ ನುಂಗೋ ದಾರಿಯೇ ಇಲ್ಲ.

ಟೀಕೆ ಇಲ್ಲವಾ? ಇದೆ. ಮನೆಯಲ್ಲೇ ದುಡಿಮೆ ಅಂದ್ರೆ ಹೆಣ್ಣಿಗೆ ಎರಡು ಪಾಳಿ. ಒಲೆ ಮುಂದಿನಿಂದ ಎದ್ದವಳನ್ನ ಮತ್ತೆ ಲಟ್ಟಣಿಗೆ ಮುಂದೆ ಕೂರಿಸಿದ ಹಾಗಾಯಿತಲ್ಲ? ಆ ಪ್ರಶ್ನೆ ನ್ಯಾಯವಾದದ್ದು. ಮನೆಗೆಲಸವನ್ನ ಗಂಡ ಹಂಚಿಕೊಳ್ಳಬೇಕು ಅನ್ನೋ ಜಗಳವನ್ನ ಲಿಜ್ಜತ್ ಆಡಲಿಲ್ಲ. ಆದರೆ ಅದೇ ಲಟ್ಟಣಿಗೆ ಮೊದಲೂ ಅವಳ ಕೈಯಲ್ಲೇ ಇತ್ತು, ಕೂಲಿ ಇರಲಿಲ್ಲ. ಈಗ ಇದೆ. ದಿನಾ ಮನೆಯಿಂದ ಹೊರಬಂದು ಇನ್ನೂ ನಾಲ್ಕು ಜನರ ಜೊತೆ ನಿಲ್ಲೋ ಒಂದು ಜಾಗವೂ ಇದೆ. ನನಗೆ ಇದು ಸಣ್ಣ ಬದಲಾವಣೆ ಅನ್ನಿಸಲ್ಲ.

ಏಳು ಮಂದಿ ಬೆಳೆದು 40 ಸಾವಿರ ದಾಟಿದರು. 2021ರಲ್ಲಿ ಜಸ್ವಂತಿಬೆನ್‌ಗೆ ಪದ್ಮಶ್ರೀ ಘೋಷಣೆಯಾಯಿತು. ಪಟ್ಟಿಯಲ್ಲಿ ಅವರ ಹೆಸರಿದ್ದದ್ದು ಯಾವ ವಿಭಾಗದಲ್ಲಿ ಗೊತ್ತಾ? ಸಮಾಜ ಸೇವೆ ಅಲ್ಲ, ವಾಣಿಜ್ಯ ಮತ್ತು ಕೈಗಾರಿಕೆ.