ತಾರೀಖ ಐತಿ

ಬೈಲಹೊಂಗಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಕುಳಲ್ಲಿ ಕಾಗದದ ಕಟ್ಟು ಅವುಚಿಕೊಂಡು ಕೂತವರನ್ನು, "ಎಲ್ಲಿಗೆ ಹೊಂಟೀರಿ ಕಾಕಾ?" ಎಂದು ಕೇಳಿ ನೋಡಿ. "ತಾರೀಖ ಐತಿ" ಅಂದರೆ ಮಾತು ಮುಗಿಯಿತು. ಎಷ್ಟನೇ ತಾರೀಖು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹೊಲದ ಬದುವಿನದೋ ಅಣ್ಣತಮ್ಮಂದಿರ ವಾಟ್ನಿಯದೋ, ಕೋರ್ಟಿನಲ್ಲಿ ಏನೋ ಒಂದು ನಡೆದಿದೆ ಎಂದು ಇಡೀ ಬಸ್ಸಿಗೆ ತಿಳಿಯುತ್ತದೆ. ಸಂಜೆ ಅದೇ ಕಾಕಾ "ಮುಂದಿನ ತಾರೀಖ ಬಿತ್ತು" ಎನ್ನುತ್ತ ಮರಳುತ್ತಾರೆ. ಹಬ್ಬ ಬರುತ್ತದೆ, ಜಾತ್ರೆ ಬರುತ್ತದೆ. ಕೋರ್ಟಿನ ದಿನ ಮಾತ್ರ ಬೀಳುತ್ತದೆ.

ಈ ಶಬ್ದ ನಮ್ಮದಾಗಿ ಎಷ್ಟು ಕಾಲವಾಯಿತೆಂದರೆ, ಅದು ಅರಬ್ಬಿಯಿಂದ ಬಂದದ್ದೆಂದು ಹೇಳಿದರೆ ಹಿರಿಯರು ನಕ್ಕುಬಿಡುತ್ತಾರೆ. ಪಾರ್ಸಿ ದಫ್ತರಗಳ ಹಾದಿಯಲ್ಲಿ ಬಂದು, ಮರಾಠಿಯ ಕಾಗದಪತ್ರಗಳಲ್ಲಿ ಪಳಗಿ, ಕಂಪನಿಯ ಕಚೇರಿಯಲ್ಲೂ ಕುರ್ಚಿ ಹಿಡಿದ ಶಬ್ದ ಇದು. ಶಾಲೆ ನಮಗೆ 'ದಿನಾಂಕ' ಕಲಿಸಿತು; ಅದು ಅರ್ಜಿಯ ತುದಿಯಲ್ಲಿ ಉಳಿಯಿತು, ಬಾಯಿಗೆ ಬರಲಿಲ್ಲ. ಪಗಾರ ಇಂದಿಗೂ ಒಂದನೇ ತಾರೀಖಿಗೇ ಆಗಬೇಕು. ಹಳೆಯ ಲಗ್ನಪತ್ರಿಕೆಗಳಲ್ಲಿ 'ತಾ॥' ಎಂಬ ಒಂದೇ ಗುರುತು ಮೇಲೆ ತಾರೀಖನ್ನೂ ಕೆಳಗೆ ತಾಲೂಕನ್ನೂ ಹೊತ್ತು ನಿಂತಿರುತ್ತದೆ. ತಾಲೂಕು ಕೂಡ ಅರಬ್ಬಿ ಮೂಲದ್ದೇ. ತಾಲೂಕುಗಳ ಹೆಸರು ಬೇಕಾದಷ್ಟು ಬದಲಾದವು: ಬೈಲಹೊಂಗಲ ಒಂದು ಕಾಲಕ್ಕೆ ತಾ॥ ಸಂಪಗಾಂವದಲ್ಲಿತ್ತು, ಸವದತ್ತಿ ತಾ॥ ಪರಸಗಡದಲ್ಲಿತ್ತು. 'ತಾ॥' ಅಲುಗಾಡಲಿಲ್ಲ.

ಅರಬ್ಬಿಯಲ್ಲಿ ತಾರೀಖ್ ಅಂದರೆ ದಿನವೂ ಹೌದು, ಇತಿಹಾಸವೂ ಹೌದು. ಕನ್ನಡ ಮೊದಲರ್ಧವನ್ನಷ್ಟೇ ಇಟ್ಟುಕೊಂಡಿತು. ಉಳಿದರ್ಧಕ್ಕೆ ಚರಿತ್ರೆ ಇತ್ತಲ್ಲ. ಆದರೆ ಕಿತ್ತೂರಿಗೆ ಬಂದರೆ ಎರಡೂ ಅರ್ಧ ಮತ್ತೆ ಕೂಡಿಕೊಳ್ಳುತ್ತವೆ. ಅಲ್ಲಿ ಅಕ್ಟೋಬರ್ ಇಪ್ಪತ್ತಮೂರು ಅಂದರೆ ಇಸವಿ ಹೇಳಬೇಕಿಲ್ಲ.

ಇಸವಿ 1824. ಆ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಿದ್ದರು. ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿತ್ತು, ಕೋಟೆಯ ಮುಂದೆ ತೋಪು ಬಂದು ನಿಂತವು. ಅಕ್ಟೋಬರ್ 23ರಂದು ಬಾಗಿಲು ತೆರೆದು ಹೊರನುಗ್ಗಿದ ರಾಣಿ ಚೆನ್ನಮ್ಮನ ಮಂದಿಗೆ ಥ್ಯಾಕರೆ ಬಲಿಯಾದ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ ಎನ್ನುತ್ತದೆ ಜನರ ನೆನಪು. ಸ್ಟೀವನ್ಸನ್, ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಸೆರೆಯಾದರು. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂತು, ಕೋಟೆ ಹೋಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲೇ ಕಣ್ಣುಮುಚ್ಚಿದಳು. ಕಿತ್ತೂರಿನ ಉತ್ಸವ ಮಾತ್ರ ಸೋತ ಡಿಸೆಂಬರಿಗಲ್ಲ, ಗೆದ್ದ ಅಕ್ಟೋಬರಿಗೆ. ಸರಿಯೇ ಅನ್ನಿ.

ನನಗೆ ಕಚಗುಳಿ ಇಡುವ ಸಂಗತಿ ಬೇರೆ. ಆ ದಿನ ಕೋಟೆಯೊಳಗಿದ್ದವರಿಗೆ ಅದು ಅಕ್ಟೋಬರ್ 23 ಆಗಿರಲೇ ಇಲ್ಲ. ಅವರ ಎಣಿಕೆ ತಿಥಿಯದು. ಚಂದ್ರ ಹತ್ತೊಂಬತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ತಾರೀಖಿಗೆ ಅದೇ ಕಲೆ ಹೊತ್ತು ಬರುತ್ತಾನೆ. 2014ರ ಅಕ್ಟೋಬರ್ 23ರಂದು ದೀಪಾವಳಿ ಅಮಾವಾಸ್ಯೆ ಇತ್ತು. ಅಲ್ಲಿಂದ ಹತ್ತು ಹತ್ತೊಂಬತ್ತು ಹಿಂದಕ್ಕೆ ಎಣಿಸಿ: 1824. ಅಂದರೆ ಕಿತ್ತೂರು ಗೆದ್ದದ್ದು ದೀಪಾವಳಿಯ ಮಗ್ಗುಲಲ್ಲೇ. ನಾವು ಆ ಗೆಲುವನ್ನು ಅಮಾವಾಸ್ಯೆಗೂ ಕಟ್ಟಲಿಲ್ಲ, ಪಾಡ್ಯಕ್ಕೂ ಕಟ್ಟಲಿಲ್ಲ. ಸೋತವರ ಕ್ಯಾಲೆಂಡರಿಗೆ ಕಟ್ಟಿದೆವು. ತೋಪು ಕಿತ್ತುಕೊಂಡ ಹಾಗೆ ಅವರ ತಾರೀಖನ್ನೂ ಕಿತ್ತುಕೊಂಡೆವು ಎಂದುಕೊಂಡರೆ ಸಮಾಧಾನ.

ತಾರೀಖೆಂಬ ಶಬ್ದ ಬರುವ ಮೊದಲು ಈ ಸೀಮೆಯವರು ದಿನ ಬರೆಯುತ್ತಿರಲಿಲ್ಲವೇ? ಭರ್ಜರಿಯಾಗಿ ಬರೆಯುತ್ತಿದ್ದರು. ಸವದತ್ತಿ ಸುಗಂಧವರ್ತಿಯಾಗಿದ್ದಾಗ ರಟ್ಟರ ಶಾಂತಿವರ್ಮ ಬಸದಿಗೆ ಕೊಟ್ಟ ದಾನದ ಶಾಸನದಲ್ಲಿ ಶಕವರ್ಷ 902, ವಿಕ್ರಮ ಸಂವತ್ಸರ ಎಂದಿದೆ. ನಮ್ಮ ಲೆಕ್ಕಕ್ಕೆ 980ನೇ ಇಸವಿ. ದಾನ ಕೊಟ್ಟ ದಿನ ಕಲ್ಲಿನಲ್ಲಿ ನಿಲ್ಲಬೇಕು ಎಂಬುದು ಅವರ ಹಟ. ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು ಕಂದಾಯ ಇಲಾಖೆಯ ಜಾನ್ ಫೇತ್‌ಫುಲ್ ಫ್ಲೀಟ್. ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನ ಲಾವಣಿ ಸಂಗ್ರಹಿಸಿದವರೂ ಅವರೇ. ಒಂದು ಕೈಯಲ್ಲಿ ಸಂವತ್ಸರ, ತಿಥಿ, ವಾರ ಹೇಳುವ ಕಲ್ಲು. ಇನ್ನೊಂದರಲ್ಲಿ ತಾರೀಖಿನ ಗೊಡವೆಗೆ ಹೋಗದ ಹಾಡು.

ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26. ಹುಟ್ಟಿದ್ದು ಆಗಸ್ಟ್ 15 ಎಂದು ಹೇಳುತ್ತಾರೆ. ಶಾಲೆಯ ಭಾಷಣಕಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಸಿಕ್ಕಿಲ್ಲ. ರಾಮದುರ್ಗ ತಾಲೂಕಿಗೂ ತನ್ನದೊಂದು ತಾರೀಖಿದೆ: 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದ ದೊರೆ ಬಾಬಾಸಾಹೇಬರ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಎರಡು ವಾರದಲ್ಲಿ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲು. ಆ ತಾರೀಖಿಗೆ ಉತ್ಸವವಿಲ್ಲ. ಬಿಸಿಲಿನ ಬೇರೆ ದಿನಗಳಂತೆ ಅದೂ ದಾಟಿಹೋಗುತ್ತದೆ. ಯಾವ ದಿನಕ್ಕೆ ಪೆಂಡಾಲು ಬೀಳಬೇಕು, ಯಾವುದಕ್ಕೆ ಬೀಳಬಾರದು ಎಂಬುದಕ್ಕೂ ಒಂದು ಕೋರ್ಟು ಇರುವಂತಿದೆ.

ಅರಬ್ಬಿಯ ತಾರೀಖನ್ನು ಬೇರುಸಹಿತ ಕಿತ್ತು ನೋಡಿದ ಭಾಷಾಶಾಸ್ತ್ರಜ್ಞರು, ಅದರ ನೆಂಟಸ್ತಿಕೆ ಚಂದ್ರ, ತಿಂಗಳು ಎಂಬರ್ಥದ ಹಳೆಯ ಸೆಮಿಟಿಕ್ ಮಾತಿನೊಂದಿಗೆ ಎನ್ನುತ್ತಾರೆ. ಹೀಬ್ರೂವಿನಲ್ಲಿ ಚಂದ್ರ 'ಯಾರೇಹ'. ನಮ್ಮ 'ತಿಂಗಳು' ಕೂಡ ಚಂದ್ರನೂ ಹೌದು, ಮಾಸವೂ ಹೌದು. ಇದನ್ನು ಓದಿದಾಗ ದೂರದ ಬಳಗ ಸಿಕ್ಕಂತಾಯಿತು. ಕಚೇರಿಯ ತಾರೀಖು ಸೂರ್ಯನ ಹಿಂದೆ ಹೋಯಿತು. ಚಂದ್ರ ಸವದತ್ತಿಯಲ್ಲಿ ಉಳಿದ.

ಅಲ್ಲಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ತಾರೀಖು ಕೇಳುವುದಿಲ್ಲ, "ಹುಣ್ಣಿವಿ ಯಾವಾಗ್ರಿ?" ಎನ್ನುತ್ತಾರೆ. ಹೊಸ್ತಿಲ ಹುಣ್ಣಿವಿಗೆ ದೇವಿ ಬಳೆ ಕಳೆದುಕೊಳ್ಳುತ್ತಾಳೆ, ಭಾರತ ಹುಣ್ಣಿವಿಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಅದು ಫೆಬ್ರುವರಿಯ ಎಷ್ಟನೆಯದಕ್ಕೆ ಬೀಳುತ್ತದೆ ಎಂಬುದು ಬಸ್ ಡಿಪೋದವರ ತಲೆನೋವು, ಅವಳದಲ್ಲ. ಮನೆಯ ಕ್ಯಾಲೆಂಡರಿನಲ್ಲಿ ದಪ್ಪ ಅಂಕಿಯ ಮಗ್ಗುಲಿಗೆ ಒಂದು ಬಿಳಿ ಗುಂಡು ಇರುತ್ತದೆ. ಅಜ್ಜಿಯ ಬೆರಳು ಅಂಕಿ ಬಿಟ್ಟು ನೇರ ಆ ಗುಂಡಿಗೇ ಹೋಗುತ್ತದೆ. ಪಕ್ಕದಲ್ಲಿ ಮಗ ಪೆನ್ನು ಹಿಡಿದು, ಬೇರೊಂದು ಅಂಕಿಗೆ ಸುತ್ತು ಹಾಕುತ್ತಿರುತ್ತಾನೆ. ಹೊಂಗಲದಲ್ಲಿ ತಾರೀಖ ಐತಿ.