ಕೋಟೆಯ ಸುರಂಗಗಳೂ ಬೀದರಿನ ಸುರಂಗ ಬಾವಿಯೂ



ಇತಿಹಾಸದ ಪಾಠ ಮಾಡುವಾಗ ಯಾವ ರಾಜನ ಕಾಲ ಬಂದರೂ ತರಗತಿಯ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಸರ್, ಯಾದಗಿರಿ ಕೋಟೆಯೊಳಗ ಸುರಂಗ ಐತಂತ, ಹೌದೇನ್ರಿ?" ನಮ್ಮ ಸೀಮೆಯಲ್ಲಿ ಸುರಂಗದ ಕಥೆಯಿಲ್ಲದ ಕೋಟೆಯೇ ಇಲ್ಲ. ರಾಜನು ಶತ್ರುಗಳ ಕಣ್ಣು ತಪ್ಪಿಸಿ ಕುದುರೆಯ ಮೇಲೆ ಸುರಂಗದಲ್ಲಿ ಹಾದು ಮತ್ತೊಂದು ಊರಿನಲ್ಲಿ ಹೊರಬಂದನೆಂಬ ಕಥೆಯನ್ನು ಮುದನಾಳದ ಕಟ್ಟೆಯ ಮೇಲೆ ಕುಳಿತ ಹಿರಿಯರಿಂದ ನಾವೂ ಬಾಲ್ಯದಲ್ಲಿ ಕೇಳಿದವರೇ. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಬರೆಯಬೇಕೆಂಬ ಆಸೆ ಬಹುಕಾಲದಿಂದ ಇತ್ತು.

ಯಾದಗಿರಿ, ಶಹಾಪುರ, ಸುರಪುರದ ಬೆಟ್ಟಗಳು ಗಟ್ಟಿ ಕಣಶಿಲೆಯ ಬೆಟ್ಟಗಳು. ಇಂಥ ಕಲ್ಲಿನಲ್ಲಿ ಹರದಾರಿಗಟ್ಟಲೆ ಸುರಂಗ ಕೊರೆಯುವುದು ಆ ಕಾಲದ ಉಳಿ ಸುತ್ತಿಗೆಗಳಿಗೆ ಸುಲಭದ ಮಾತಲ್ಲ. ಆದರೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ, ಬೀದರ ನಗರದ ನೆಲದಡಿಯಲ್ಲಿ, ನಿಜವಾದ ಸುರಂಗಗಳ ಜಾಲವೊಂದಿದೆ. ಅದನ್ನು ಕೊರೆದದ್ದು ರಾಜರು ಓಡಿಹೋಗಲೆಂದಲ್ಲ. ಪ್ರಜೆಗಳಿಗೆ ನೀರು ಓಡಿಬರಲೆಂದು!

ಬಹಮನಿ ಸುಲ್ತಾನ ಅಹಮದ್ ಶಾಹನು 1430ರ ಸುಮಾರಿಗೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ ಸಂಗತಿಯನ್ನು ನೀವು ಓದಿದ್ದೀರಿ. ಬೀದರ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿರುವ ಊರು. ಹವೆ ತಂಪು, ರಕ್ಷಣೆಗೂ ಅನುಕೂಲ. ಆದರೆ ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಅರಮನೆ, ಸೈನ್ಯ, ಪೇಟೆ, ತೋಟಗಳಿಗೆಲ್ಲ ನೀರೆಲ್ಲಿಂದ ಬರಬೇಕು?

ಉತ್ತರ ಪರ್ಷಿಯಾ ದೇಶದಿಂದ ಬಂದಿತು. ಅಹಮದ್ ಶಾಹನು ಕಿರ್ಮಾನ್ ಪ್ರಾಂತದ ಸೂಫಿ ಸಂತ ಶಾಹ ನಿಯಾಮತುಲ್ಲಾನ ಭಕ್ತ. ಆ ಸಂತನ ವಂಶಸ್ಥರು ಬೀದರಿಗೆ ಬಂದು ನೆಲೆಸಿದರು. ಮುಂದೆ ಮಂತ್ರಿಯಾಗಿ 1472ರಲ್ಲಿ ಪ್ರಸಿದ್ಧ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನೂ ಪರ್ಷಿಯಾದ ಗೀಲಾನಿನವನೇ. ಇವರೊಡನೆ ವಿದ್ವಾಂಸರು, ಕುಶಲಕರ್ಮಿಗಳು ಬಂದರು. ಮರಳುಗಾಡಿನ ಅಂಚಿನಲ್ಲಿ ನೆಲದೊಳಗಿನ ನೀರನ್ನು ಊರಿಗೆ ತರುವ ವಿದ್ಯೆಯೂ ಬಂದಿತು. ಅಲ್ಲಿ ಅದಕ್ಕೆ ಕನಾತ್ ಅಥವಾ ಕರೇಜ್ ಎಂದು ಹೆಸರು. ಬೀದರಿನ ಜನ ಅದನ್ನು ಸುರಂಗ ಬಾವಿ ಎಂದು ಕರೆದರು.

ಇದರ ರಚನೆ ಬಹು ಸರಳ, ಆದರೆ ಬಹು ಸೂಕ್ಷ್ಮ. ಮೊದಲು ಎತ್ತರದ ಜಾಗದಲ್ಲಿ ಅಂತರ್ಜಲ ದೊರೆಯುವವರೆಗೆ ಒಂದು ಬಾವಿ ತೋಡುವರು. ಇದು ತಾಯಿ ಬಾವಿ. ಅಲ್ಲಿಂದ ಇಳಿಜಾರಿನ ಕಡೆಗೆ ಸಾಲಾಗಿ, ಅಷ್ಟಷ್ಟು ದೂರಕ್ಕೆ ಒಂದೊಂದು ನೇರ ಕೂಪ ಇಳಿಸುವರು. ಆ ಬಳಿಕ ಕೆಳಗಿನ ತುದಿಯಿಂದ ಆರಂಭಿಸಿ, ಕೂಪದಿಂದ ಕೂಪಕ್ಕೆ ಸುರಂಗ ಕೊರೆಯುತ್ತ ಮೇಲಕ್ಕೆ ಸಾಗುವರು. ಕೂಪಗಳಿಂದ ಮಣ್ಣು ಹೊರಬರುತ್ತದೆ. ಕೆಲಸಗಾರರಿಗೆ ಗಾಳಿ ಬೆಳಕು ಸಿಗುತ್ತದೆ. ಸುರಂಗದ ಇಳಿಜಾರು ಮೇಲಿನ ನೆಲದ ಇಳಿಜಾರಿಗಿಂತ ಕಡಿಮೆ. ಆದ್ದರಿಂದ ಕೊನೆಗೊಂದು ಕಡೆ ಸುರಂಗವೂ ನೆಲವೂ ಸೇರುತ್ತವೆ, ನೀರು ತಾನಾಗಿಯೇ ಹೊರಹರಿಯುತ್ತದೆ. ಹಗ್ಗವಿಲ್ಲ, ಎತ್ತಿಲ್ಲ, ವಿದ್ಯುತ್ತಿಲ್ಲ! ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದು ಕೆಡಿಸುತ್ತದೆ; ಕಡಿಮೆಯಾದರೆ ಹೂಳು ತುಂಬುತ್ತದೆ. ಈ ಲೆಕ್ಕವನ್ನು ಕತ್ತಲೆಯಲ್ಲಿ ಕುಳಿತು ಸಾಧಿಸಿದವರ ಗಣಿತವನ್ನು ನೆನೆದರೆ ತಲೆ ತಾನಾಗಿ ಬಾಗುತ್ತದೆ.

ವಿದ್ಯೆ ಪರದೇಶದ್ದಾದರೂ ನೆಲ ನಮ್ಮದೇ. ಬೀದರಿನ ಮೇಲ್ಪದರ ಸಣ್ಣ ಸಣ್ಣ ರಂಧ್ರಗಳುಳ್ಳ ಕೆಂಪು ಜಂಬಿಟ್ಟಿಗೆ. ಅದರ ಕೆಳಗೆ ಗಟ್ಟಿಯಾದ ಕರಿಕಲ್ಲು. ಮಳೆಯ ನೀರು ಜಂಬಿಟ್ಟಿಗೆಯಲ್ಲಿ ಇಂಗಿ, ಕರಿಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಬೀದರಿನ ನಾನಕ್ ಝೀರಾದ ಚಿಲುಮೆಯ ಗುಟ್ಟು ಇದೇ. ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ ಕ್ಷೇತ್ರದ ಗವಿಯನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ನಮ್ಮ ಕಣಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಹೀಗಾಗಿಯೇ ನಮ್ಮ ಕಡೆಯ ಹಿರಿಯರು ಬೆಟ್ಟದ ಮೇಲೆ ಹೊಂಡ, ಬಯಲಿನಲ್ಲಿ ಕೆರೆ ಕಟ್ಟಿದರು. ಅವರವರ ನೆಲ ಅವರವರಿಗೆ ಪಾಠ ಹೇಳಿಕೊಟ್ಟಿತು.

ಬೀದರಿನಲ್ಲಿ ಮೂರು ವ್ಯವಸ್ಥೆಗಳನ್ನು ಗುರುತಿಸಲಾಗಿದೆ: ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿ. ನೌಬಾದಿನ ಸುರಂಗ ಸುಮಾರು 3 ಕಿ.ಮೀ. ಉದ್ದ, ಅದರ ಮೇಲೆ 21 ಕೂಪಗಳು ಗುರುತಿಸಲ್ಪಟ್ಟಿವೆ. ಜಮ್ನಾ ಮೋರಿ ಹಳೆಯ ಪಟ್ಟಣದ ಓಣಿಗಳಿಗೆ ನೀರು ಹಂಚುತ್ತಿದ್ದ ಜಾಲ. ಕಾಲಾಂತರದಲ್ಲಿ ಇವೆಲ್ಲ ಮರೆತುಹೋಗಿದ್ದವು. 2010ರ ದಶಕದಲ್ಲಿ ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಎಂಬುವರು ಸುರಂಗಗಳೊಳಗೆ ಇಳಿದು, ನಡೆದು, ನಕ್ಷೆ ಬರೆದರು. ಹೂಳು ತೆಗೆಯುವ ಕಾರ್ಯವೂ ನಡೆಯಿತು. ಮರೆತ ರಾಜಧಾನಿಯ ನೀರಿನ ದಾರಿಯನ್ನು ಹುಡುಕಿಕೊಟ್ಟವರು ಒಬ್ಬ ಮೇಷ್ಟ್ರು ಎಂಬುದು ನನಗೆ ವೃತ್ತಿಸಹಜವಾದ ಹೆಮ್ಮೆ.

ನಿವೃತ್ತಿಯ ನಂತರ, ಬೀದರಿನಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಒತ್ತಾಯಮಾಡಿ ನನ್ನನ್ನು ನೌಬಾದಿಗೆ ಕರೆದೊಯ್ದ. ಕೂಪದ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಾಗ ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಗೋಡೆಯ ಮೇಲೆ ಹಾರೆಯ ಗುರುತುಗಳು ನಿನ್ನೆ ಮೊನ್ನೆ ಕಡಿದಂತೆ ಇದ್ದವು. ಕಟ್ಟಿಸಿದ ಸುಲ್ತಾನರಿಗೆ ಅಷ್ಟೂರಿನಲ್ಲಿ ಭವ್ಯ ಗುಮ್ಮಟಗಳಿವೆ. ಕಡಿದವನಿಗೆ ಈ ಗುರುತೇ ಶಾಸನ.

ವಿಜಯಪುರದ ಕಥೆಯೂ ಇಂಥದೇ. ಒಂದನೆಯ ಅಲಿ ಆದಿಲ್ ಶಾಹನ (1558–1580) ಕಾಲದಲ್ಲಿ ತೊರವಿಯ ಕಡೆಯಿಂದ ನಗರಕ್ಕೆ ಸುರಂಗದ ಮೂಲಕ ನೀರು ತರಲಾಯಿತು. ಎರಡನೆಯ ಇಬ್ರಾಹಿಮನು ಅದನ್ನು ವಿಸ್ತರಿಸಿದನು. 1651ರಲ್ಲಿ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿನ ನೀರು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು, ಕೆಸರು ತಳಕ್ಕೆ ಇಳಿಯಲು 'ಗಂಜ್' ಎಂಬ ಗೋಪುರಗಳನ್ನು ಕಟ್ಟಿದ್ದರು. ವಿಜಯಪುರದ ಸುರಂಗ ಬಾವಡಿಯು ಜಾಗತಿಕ ಸ್ಮಾರಕ ನಿಧಿಯ 2020ರ ಗಮನಾರ್ಹ ತಾಣಗಳ ಪಟ್ಟಿಗೆ ಆಯ್ಕೆಯಾಯಿತು. ಇರಾನಿನ 11 ಕನಾತ್‌ಗಳಿಗೆ 2016ರಲ್ಲಿ ಯುನೆಸ್ಕೋ ಮನ್ನಣೆ ದೊರೆತಿದೆ.

ಈ ವಿದ್ಯೆ ರಾಜಧಾನಿಗಳದ್ದು ಮಾತ್ರವೆಂದು ತಿಳಿಯಬೇಡಿ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ರೈತರು ತಮ್ಮ ಅಡಿಕೆ ತೋಟಗಳಿಗಾಗಿ ಸುರಂಗ ಕೊರೆದು ಇಂದಿಗೂ ನೀರು ಪಡೆಯುತ್ತಿದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡುತ್ತಲೇ ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ತೋಟ ಮಾಡಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು.

ಇನ್ನು ಮನಸ್ಸಿಗೆ ನೋವುಂಟುಮಾಡುವ ಮಾತು. ಬೀದರ, ವಿಜಯಪುರಗಳಲ್ಲಿ ಬಡಾವಣೆಗಳು ಬೆಳೆದಂತೆ ಎಷ್ಟೋ ಕೂಪಗಳು ಕಲ್ಲು, ಮಣ್ಣು, ಕಸಗಳಿಂದ ಮುಚ್ಚಿಹೋದವು. ಒಂದು ಕೂಪ ಕುಸಿದರೆ ಕೆಳಗಿನ ಇಡೀ ಹರಿವು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕೊಳವೆಬಾವಿ. ಸುರಂಗ ಬಾವಿಗೆ ಒಂದು ಮರ್ಯಾದೆಯಿದೆ: ಭೂಮಿ ತಾನಾಗಿ ಕೊಟ್ಟಷ್ಟನ್ನೇ ಅದು ಪಡೆಯುತ್ತದೆ; ಮಳೆ ಕಡಿಮೆಯಾದರೆ ಹರಿವೂ ಕಡಿಮೆ. ಕೊಳವೆಬಾವಿಗೆ ಆ ಮರ್ಯಾದೆಯಿಲ್ಲ. ಅಂತರ್ಜಲ ಸುರಂಗದ ತಳಕ್ಕಿಂತ ಕೆಳಗೆ ಇಳಿದರೆ, ಎಷ್ಟು ಹೂಳು ತೆಗೆದರೂ ಅದು ಬರಿಯ ಒಣ ಗವಿ. ಆದುದರಿಂದ ಸ್ಮಾರಕವನ್ನು ಉಳಿಸುವುದೆಂದರೆ ಕಲ್ಲನ್ನು ಉಳಿಸುವುದಷ್ಟೇ ಅಲ್ಲ, ಅದರೊಳಗಿನ ನೀರನ್ನೂ ಉಳಿಸುವುದು.

ನಮ್ಮ ಮನೆತನದ ಹೊಲದ ಬಾವಿಯಲ್ಲಿ ಬೇಸಿಗೆಯಲ್ಲೂ ನಾವು ಈಜು ಕಲಿತಿದ್ದೆವು. ಸುತ್ತ ಕೊಳವೆಬಾವಿಗಳು ಬಂದ ಮೇಲೆ ಅದು ಬತ್ತಿತು. ಈಗ ಮೆಟ್ಟಿಲುಗಳ ಮೇಲೆ ಜಾಲಿ ಬೆಳೆದಿದೆ. ಊರಿನಲ್ಲಿರುವ ನಮ್ಮ ಮಕ್ಕಳು, ಅಣ್ಣತಮ್ಮಂದಿರಲ್ಲಿ ನನ್ನದೊಂದೇ ಕೋರಿಕೆ: ಹಳೆಯ ಬಾವಿಗಳನ್ನು ಕಸ ಹಾಕಿ ಮುಚ್ಚಬೇಡಿರಿ, ಮಳೆಯ ನೀರು ಅವುಗಳಿಗೆ ಇಳಿಯುವಂತೆ ಒಂದು ಕಾಲುವೆ ತಿರುಗಿಸಿರಿ. ಪ್ರವಾಸಕ್ಕೆ ಹೋದಾಗ ಗೋಳಗುಮ್ಮಟದ ಪ್ರತಿಧ್ವನಿಯನ್ನು ಕೇಳಿರಿ, ಬೀದರಿನ ಕೋಟೆಯನ್ನು ನೋಡಿರಿ; ಜೊತೆಗೆ ಈ ಸುರಂಗ ಬಾವಿಗಳನ್ನೂ ನಿಮ್ಮ ಮಕ್ಕಳಿಗೆ ತೋರಿಸಿರಿ. ಹಿಂದಿನ ಬೆಂಚಿನಿಂದ ಕೇಳಿದವನು ಇದನ್ನು ಓದುತ್ತಿದ್ದರೆ ನನ್ನ ಉತ್ತರ ಇಷ್ಟೇ: ಹೌದಪ್ಪಾ, ಸುರಂಗ ಐತಿ. ಅದರಾಗ ರಾಜ ಹೋಗಲಿಲ್ಲ, ನೀರು ಬಂತು.